ಅಂಗಳದ ಅಂಬಾಸಿಡರ್

ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಬರುವ 150ಎ ಹೆದ್ದಾರಿ ನಿಮ್ಮಲ್ಲಿ ಅನೇಕರಿಗೆ ದಿನದ ದಾರಿ. ಈ ದಾರಿಯಲ್ಲಿ ಊರು ಶುರುವಾಗುವುದು ಗ್ಯಾರೇಜಿನಿಂದ, ಮುಗಿಯುವುದೂ ಗ್ಯಾರೇಜಿನಿಂದಲೇ. ಬಿಚ್ಚಿ ಒರಗಿಸಿದ ಟ್ರ್ಯಾಕ್ಟರ್ ಗಾಲಿ, ಭತ್ತ ಕೊಯ್ಯುವ ಮಷಿನ್ನಿನ ಬೆಲ್ಟ್ ಬದಲಿಸುತ್ತ ನೆಲಕ್ಕೆ ಕುಂತ ಹುಡುಗರು, ಲೇಥ್ ಅಂಗಡಿಯ ಮುಂದೆ ಕಬ್ಬಿಣದ ಸುರುಳಿ ಚೂರುಗಳ ಗುಡ್ಡೆ. ಇನ್ನಷ್ಟು ಕಣ್ಣು ಹಾಯಿಸಿದರೆ ಗ್ಯಾರೇಜಿನ ಹಿತ್ತಲಲ್ಲೋ, ಹಳೆಯ ಅಕ್ಕಿ ಗಿರಣಿಯ ಗೋಡೆಗುಂಟವೋ, ಬೇವಿನ ಮರದ ಕೆಳಗೋ ಒಂದು ಅಂಬಾಸಿಡರ್ ನಿಂತಿರುತ್ತದೆ. ಗಾಳಿ ಇಳಿದ ಟೈರು, ಗಾಜಿನ ಮೇಲೆ ಒಣ ಎಲೆ, ಒಳಗೆ ಮರಿ ಹಾಕಿದ ಬೆಕ್ಕು.

ಅದು ಅಲ್ಲಿಗೆ ಬಂದದ್ದು ನೀರಿನ ಜೊತೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಾಗಿ, ಎಡದಂಡೆ ಕಾಲುವೆ ಈ ಕಡೆ ಹರಿದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಭತ್ತದ ಹಿಂದೆ ಗಿರಣಿ ಬಂತು, ಗಿರಣಿಯ ಹಿಂದೆ ಲಾರಿ, ಟ್ರ್ಯಾಕ್ಟರ್ ಬಂದವು. ಸಾಹುಕಾರರ, ಗುತ್ತಿಗೆದಾರರ ಮನೆ ಮುಂದೆ ಕಾರು ಬಂತು. ಆ ಕಾಲಕ್ಕೆ ಕಾರೆಂದರೆ ಹೆಚ್ಚಾಗಿ ಅಂಬಾಸಿಡರ್, ಇಲ್ಲವೆ ಫಿಯಟ್. ಮಳೆಗಾಲದ ಎರೆ ಮಣ್ಣಿನ ದಾರಿಗೆ ಎತ್ತರವಾದ, ಹಿಂದೆ ಕಮಾನು ಪಟ್ಟಾ ಇರುವ ಅಂಬಾಸಿಡರ್ ಚೆನ್ನಾಗಿ ಒಗ್ಗಿತು. ಮದುವೆ ದಿಬ್ಬಣಕ್ಕೂ ಅದೇ, ಹೆರಿಗೆ ನೋವು ಎದ್ದವರನ್ನು ರಾಯಚೂರಿಗೆ ಒಯ್ಯಲಿಕ್ಕೂ ಅದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ತಂದು ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಇದನ್ನು ತಯಾರಿಸತೊಡಗಿತು. 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೈಕಟ್ಟು ಹೆಚ್ಚೂಕಡಿಮೆ ಅದೇ ಉಳಿದದ್ದರಿಂದ ಒಂದು ಗಾಡಿಯ ಸಾಮಾನು ಇನ್ನೊಂದಕ್ಕೆ ಕೂಡುತ್ತದೆ. ಹಳೆಯ ಕಾರನ್ನು ಮನೆಯಲ್ಲೇ ರಿಪೇರಿ ಮಾಡಲು ಹೊರಟವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ನಮ್ಮದು ಮಾರ್ಕ್ 4, ಪೆಟ್ರೋಲ್ ಗಾಡಿ, 1489 ಸಿಸಿ ಎಂಜಿನ್ನು. ಮಸ್ಕಿಯಲ್ಲಿದ್ದ ನಮ್ಮ ಕಾಕಾನದು. ಕಾಕಾ ತೀರಿಕೊಂಡ ಮೇಲೆ ವರ್ಷಾನುಗಟ್ಟಲೆ ಅವರ ಹಿತ್ತಲಲ್ಲಿ ನಿಂತಿತ್ತು. ಗುಜರಿಯವರು ತೂಕದ ಲೆಕ್ಕಕ್ಕೆ ಕೇಳಿದಾಗ ಕಾಕಿ ನನಗೆ ಫೋನ್ ಮಾಡಿ, "ತಮ್ಮಾ, ಕಬ್ಬಿಣದ ರೇಟಿಗೆ ಕೊಡಾಕ ಮನಸ್ಸು ಒಪ್ಪವಲ್ದು, ನೀ ಒಯ್ದ್ರ ಒಯ್ಯಿ" ಅಂದರು. ಟ್ರ್ಯಾಕ್ಟರಿಗೆ ಕಟ್ಟಿ ಸಿಂಧನೂರಿಗೆ ತಂದೆವು. ನಾನು ವೃತ್ತಿಯಿಂದ ಮೇಷ್ಟ್ರು. ಪಾನಾ ಹಿಡಿಯುವುದು ಬರುತ್ತಿದ್ದದ್ದು ಮನೆಯ ಕೆಲಸದಿಂದ, ಅಷ್ಟೇ. ಆದರೆ ಅಷ್ಟು ಬರುತ್ತಿದ್ದರೆ ಸಾಕು ಎಂಬುದೇ ಇವತ್ತು ನಾನು ನಿಮಗೆ ಹೇಳಬೇಕೆಂದಿರುವ ಮಾತು. ಕೂಲರ್ ರಿಪೇರಿ ಮಾಡಿಕೊಳ್ಳುವ ಮನೆ, ಬೋರಿನ ಮೋಟಾರ್ ಎತ್ತಿ ಇಳಿಸುವ ಮನೆ, ಟ್ರ್ಯಾಕ್ಟರಿನ ಫಿಲ್ಟರ್ ತಾವೇ ಬದಲಿಸುವ ಮನೆ ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಹಳೆಯ ಕಾರಿಗೆ ಬೇಕಾದ ವಿದ್ಯೆ ಅದೇ, ಬೇರೆಯದಲ್ಲ.

ಮನೆಯಲ್ಲಿ ಒಂದು ಕರಾರು ಮೊದಲೇ ಆಯಿತು. ನಮ್ಮ ಮನೆಯವರು ಸ್ಪಷ್ಟವಾಗಿ ಹೇಳಿದರು: "ನೋಡ್ರೀ, ಗಾಡಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಿ ಕೆಲಸ ಬಾಕಿ ಇಟ್ಟು ಗಾಡಿ ಕೆಳಗ ಹೋಗಬ್ಯಾಡ್ರಿ." ಈ ಕರಾರು ನನ್ನನ್ನು ಕಾಪಾಡಿತು ಎಂದೇ ನಾನು ತಿಳಿದಿದ್ದೇನೆ. ಹಳೆ ಕಾರು ಬಿಚ್ಚಿ ಹಾಕಿ, ಉತ್ಸಾಹ ಇಳಿದು, ಡಬ್ಬಿಗಳಲ್ಲಿ ನಟ್ಟು ಬೋಲ್ಟ್ ತುಂಬಿಟ್ಟು ಕೈಬಿಟ್ಟವರು ಬಹಳ ಮಂದಿ. ನಮ್ಮಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಒಂದೊಂದು ಕೆಲಸವೂ ಮನೆಯ ಒಂದು ಕೆಲಸದ ಬೆನ್ನಿಗೇ ಬಂತು. ಬಾಗಿಲ ಗ್ರಿಲ್ಲಿಗೆ ತಂದ ರೆಡ್ ಆಕ್ಸೈಡ್ ಉಳಿದಾಗ ಕಾರಿನ ನೆಲದ ತಗಡಿಗೆ ಹಚ್ಚಿದೆವು. ಮಿಕ್ಸಿಯ ಕಾರ್ಬನ್ ಬ್ರಶ್ ಬದಲಿಸಿದ ದಿನವೇ ಕಾರಿನ ಡೈನಮೋ ಬಿಚ್ಚಿದೆ. ಒಳಗಿನ ಕೆಲಸ ಎರಡರದ್ದೂ ಒಂದೇ ಬಗೆ, ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತ ಸವೆಯುವ ಕರಿ ತುಂಡು. ನಲ್ಲಿಯ ವಾಷರ್ ತರಲು ಹೋದ ಅಂಗಡಿಯಲ್ಲೇ ಒಳ್ಳೆಯ ಹಿತ್ತಾಳೆಯ ಹೋಸ್ ಕ್ಲಿಪ್ ಸಿಕ್ಕವು.

ನೆಲದ ಮಾತು ಹೇಳಬೇಕು, ಇದು ನಮ್ಮ ಸೀಮೆಗೇ ವಿಶೇಷ. ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮನೆಯ ಗೋಡೆಗೆ ವರ್ಷವರ್ಷ ಬಿರುಕು ಮುಚ್ಚುವುದು ನಮಗೆಲ್ಲ ಗೊತ್ತಿರುವ ಕೆಲಸ. ಅದೇ ಮಣ್ಣಿನ ಮೇಲೆ ಜಾಕ್ ಇಟ್ಟು ಕಾರು ಎತ್ತಿದರೆ ಜಾಕ್ ನಿಧಾನವಾಗಿ ಒಂದು ಮಗ್ಗುಲಿಗೆ ಇಳಿಯುತ್ತದೆ. ಮೇಲಿರುವುದು ಒಂದು ಟನ್ನಿಗೂ ಮೀರಿದ ತೂಕ. ಶಹಾಬಾದ್ ಪರ್ಸಿ ಹಾಸಿದ್ದೇವಲ್ಲ ಎಂದು ಧೈರ್ಯ ಮಾಡಬಾರದು. ಜಾಕಿನ ಸಣ್ಣ ಪಾದಕ್ಕೆ ಪರ್ಸಿ ಸೀಳುತ್ತದೆ. ನಾವು ಅಂಗಳದ ಒಂದು ಭಾಗಕ್ಕೆ ಕಾಂಕ್ರೀಟ್ ಹಾಕಿಸಿ, ಅದರ ಮೇಲೆ ದಪ್ಪ ಜಾಲಿ ಮರದ ದಿಮ್ಮಿಗಳನ್ನು ಇಟ್ಟು ಗಾಡಿಯನ್ನು ಅವುಗಳ ಮೇಲೆ ಕೂರಿಸಿದೆವು. ಜಾಕ್ ಇರುವುದು ಎತ್ತಲಿಕ್ಕೆ ಮಾತ್ರ, ಹೊತ್ತು ನಿಲ್ಲಲಿಕ್ಕಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಇದನ್ನು ಕೇಳುತ್ತಿರುವ ಗ್ಯಾರೇಜ್ ಹುಡುಗರಿಗೆ ಮತ್ತೆ ಹೇಳುತ್ತೇನೆ: ಅರ್ಜೆಂಟ್ ಎಷ್ಟೇ ಇರಲಿ, ಹಾಕಬೇಡಿ.

ಗಾಡಿ ಅಂಗಳಕ್ಕೆ ಬಂದ ವಾರ ನೋಡಿದವರೆಲ್ಲ ಕೇಳಿದ್ದು ಬಣ್ಣದ ಮಾತು. ಬಿಳಿ ಹೊಡಿಸ್ತೀರೋ, ಕರಿ ಹೊಡಿಸ್ತೀರೋ? ಟ್ರ್ಯಾಕ್ಟರ್ ಕೆಲಸದಲ್ಲಿ ಪಳಗಿದ ನಮ್ಮ ಮೇಸ್ತ್ರಿ ಮಾತ್ರ ಗಾಲಿ ಹತ್ತಿರ ಕುಕ್ಕರಗಾಲಲ್ಲಿ ಕುಂತು, ಡ್ರಮ್ಮಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, "ಸರ, ಮೊದ್ಲ ನಿಂದ್ರೂದು ಮಾಡೂಣ್ರಿ, ಓಡೂದು ಆಮ್ಯಾಲ" ಅಂದರು. ಅವರ ಮಾತೇ ನಮ್ಮ ಕೆಲಸದ ಕ್ರಮವಾಯಿತು. ಬ್ರೇಕು ಮೊದಲು. ಆಮೇಲೆ ನೀರು, ಆಮೇಲೆ ಕರೆಂಟು ಮತ್ತು ಪೆಟ್ರೋಲು. ಬಣ್ಣ ಎಲ್ಲಕ್ಕೂ ಕೊನೆಗೆ.

ಹಳೆಯ ಅಂಬಾಸಿಡರಿನ ಬ್ರೇಕು ನಾಲ್ಕೂ ಗಾಲಿಗೆ ಡ್ರಮ್ಮಿನದು, ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು. ಎಣ್ಣೆ ಹೋಗುವ ಜಾಲ ಒಂದೇ. ಹೊಸ ಕಾರುಗಳಲ್ಲಿ ಎರಡು ಬೇರೆ ಬೇರೆ ಜಾಲ ಇರುವುದರಿಂದ ಒಂದು ಸೋರಿದರೂ ಎರಡು ಗಾಲಿಯಾದರೂ ಹಿಡಿಯುತ್ತವೆ. ಇದರಲ್ಲಿ ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಗಾಲಿಯ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಗಳು ಒಣಗಿ ಬಿರಿದಿದ್ದವು, ಒಳಗಿನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿತ್ತು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಅದೇ ತೇವ ಒಳಗಿನಿಂದ ಸಿಲಿಂಡರನ್ನು ತಿನ್ನುತ್ತದೆ. ಅದಕ್ಕೇ ಓಡದ ಗಾಡಿಯಾದರೂ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಸಿಲಿಂಡರ್ ಒಳಮೈಯಲ್ಲಿ ಗುಂಡಿ ಬಿದ್ದಿದ್ದರೆ ಉಜ್ಜಿ ಉಳಿಸಲು ಹೋಗದೆ ಹೊಸದನ್ನೇ ಹಾಕಬೇಕು. ನಾವು ನಾಲ್ಕೂ ಕಡೆ ಹೊಸದು ಹಾಕಿದೆವು, ರಬ್ಬರ್ ಹೋಸುಗಳನ್ನು ಬದಲಿಸಿದೆವು, ಕಬ್ಬಿಣದ ಕೊಳವೆಗಳನ್ನೂ ಹೊಸದಾಗಿ ಎಳೆದೆವು.

ಡ್ರಮ್ಮಿನ ಒಳಗೆ ಕೂತಿರುವ ಆ ಬೂದು ಪುಡಿಯ ಬಗ್ಗೆ ಎಚ್ಚರ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ಗಾಳಿಯ ಪೈಪು ಹಿಡಿದು ಊದುತ್ತಾರೆ, ಕೆಲವರು ಬಾಯಿಂದಲೇ ಊದುತ್ತಾರೆ. ಶ್ವಾಸಕೋಶಕ್ಕೆ ಹೋದ ಆ ನೂಲು ಹೊರಗೆ ಬರುವುದಿಲ್ಲ, ಅದರ ರೋಗ ಹತ್ತಾರು ವರ್ಷದ ಮೇಲೆ ತಲೆ ಎತ್ತುತ್ತದೆ. ಬಟ್ಟೆಯನ್ನು ನೀರಲ್ಲಿ ಅದ್ದಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೆಗೆದಿಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಎಣ್ಣೆ ತುಂಬಿದ ಮೇಲೆ ಕೊಳವೆಯಲ್ಲಿನ ಗಾಳಿ ತೆಗೆಯುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಮಗ ಸೀಟಿನಲ್ಲಿ, ನಾನು ಗಾಲಿಯ ಹಿಂದೆ ಮಲಗಿ, ನಮ್ಮ ಮನೆಯವರು ಮೇಲೆ ಡಬ್ಬಿಯಲ್ಲಿ ಎಣ್ಣೆಯ ಮಟ್ಟ ನೋಡುತ್ತ. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರವಿರುವ ಗಾಲಿಯಿಂದ ಶುರು. "ಒತ್ತು" ಅಂದರೆ ಅವನು ಪೆಡಲ್ ಒತ್ತಿ ಹಿಡಿಯಬೇಕು, ನಾನು ನಿಪ್ಪಲ್ ಅರ್ಧ ಸುತ್ತು ಸಡಿಲಿಸಬೇಕು, ಬಾಟಲಿಯೊಳಗೆ ಅದ್ದಿದ ಪಾರದರ್ಶಕ ನಳಿಗೆಯಲ್ಲಿ ಗುಳ್ಳೆ ಬರುತ್ತವೆ, ನಿಪ್ಪಲ್ ಬಿಗಿ ಮಾಡಿ "ಬಿಡು" ಅನ್ನಬೇಕು. ಗುಳ್ಳೆ ನಿಲ್ಲುವವರೆಗೆ ಇದೇ ಮಾತು. ನಾಲ್ಕನೇ ಗಾಲಿಗೆ ಬರುವಷ್ಟರಲ್ಲಿ ಕಾಲಡಿಯ ಪೆಡಲು ಗಟ್ಟಿಯಾಗುತ್ತ ಬಂದದ್ದನ್ನು ಮಗನೇ ಮೊದಲು ಗುರುತಿಸಿ ಕೂಗಿದ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ ಎಂದು ನಾನು ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳುವ ಪಾಠವನ್ನು ಅವನು ಅಂಗಾಲಿನಿಂದ ಕಲಿತ. ಇಂಥ ಕಲಿಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಇನ್ನು ನೀರು. ನಮ್ಮ ಬೋರಿನ ನೀರು ಗಡಸು. ಗೀಸರಿನ ಕಾಯಿಲಿನ ಮೇಲೆ ಬಿಳಿ ಪದರ ಕೂತು ಸುಟ್ಟುಹೋಗುವುದು, ಕೂಲರಿನ ಹುಲ್ಲು ಒಂದೇ ಬೇಸಿಗೆಗೆ ಕಲ್ಲಾಗುವುದು, ನಲ್ಲಿಯ ಬಾಯಿ ಕಟ್ಟುವುದು ನಮ್ಮೆಲ್ಲರ ಮನೆಯ ದೂರು. ಅದೇ ನೀರನ್ನು ವರ್ಷಾನುಗಟ್ಟಲೆ ಕಾಕಾನ ಡ್ರೈವರು ರೇಡಿಯೇಟರಿಗೂ ಸುರಿದಿದ್ದ. ರೇಡಿಯೇಟರ್ ಇಳಿಸಿ, ರಿಪೇರಿಯವನಲ್ಲಿಗೆ ಒಯ್ದೆ. ಅವನು ಬೆಸುಗೆ ಕರಗಿಸಿ ಮೇಲಿನ ಹಿತ್ತಾಳೆ ಟಾಕಿ ಎತ್ತಿದ. ಒಳಗೆ ಸಾಲಾಗಿ ನಿಂತ ಚಪ್ಪಟೆ ಕೊಳವೆಗಳ ಬಾಯಿ ಅರ್ಧಕ್ಕರ್ಧ ಮುಚ್ಚಿದ್ದವು, ಸುಣ್ಣ ಮೆತ್ತಿದ ಹಾಗೆ ಗಟ್ಟಿ ಬಿಳಿ ಪದರ, ನಡುನಡುವೆ ಕೆಂಪು ತುಕ್ಕು. ಅವನು ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಒಂದೊಂದೇ ಕೊಳವೆಗೆ ಮೇಲಿಂದ ಕೆಳಕ್ಕೆ ಇಳಿಸಿ ಎಳೆದ. ಪುಡಿ ಉದುರಿತು. ಆಮೇಲೆ ನೀರು ಬಿಟ್ಟು ನೋಡಿ ಟಾಕಿಯನ್ನು ಮತ್ತೆ ಬೆಸೆದ. ಈ ಕೆಲಸ ಹಿತ್ತಾಳೆ ತಾಮ್ರದ ಹಳೆಯ ರೇಡಿಯೇಟರಿಗೆ ಮಾತ್ರ ಸಾಧ್ಯ. ಈಗಿನ ಅಲ್ಯೂಮಿನಿಯಂ ರೇಡಿಯೇಟರಿನ ಪ್ಲಾಸ್ಟಿಕ್ ಟಾಕಿಯನ್ನು ಹೀಗೆ ಬಿಚ್ಚಿ ಬೆಸೆಯಲಿಕ್ಕೆ ಬರುವುದಿಲ್ಲ.

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಜಿಲ್ಲೆ ನಮ್ಮದು. ಇಲ್ಲಿ ಹಳೆಯ ಕಾರನ್ನು ಕೆಡಿಸುವುದು ಓಟಕ್ಕಿಂತ ಹೆಚ್ಚಾಗಿ ಬಿಸಿ. ಈಗ ನಾವು ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದು ಸೋಸಿ ಕ್ಯಾನಿನಲ್ಲಿ ಇಡುತ್ತೇವೆ, ಅದಕ್ಕೆ ಕೂಲಂಟ್ ಬೆರೆಸಿ ರೇಡಿಯೇಟರಿಗೆ ಹಾಕುತ್ತೇವೆ. ಮಳೆ ನೀರಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ ಸುಮಾರು ಆರುನೂರು ಮಿಲಿಮೀಟರ್ ಮಳೆ ಬೀಳುವ ಊರಲ್ಲೂ ಒಂದು ಕಾರಿಗೆ ಬೇಕಾದಷ್ಟು ನೀರು ಒಂದೇ ಮಳೆಗೆ ಸಿಗುತ್ತದೆ. ಟ್ರ್ಯಾಕ್ಟರ್ ಇರುವವರು ಇದನ್ನು ಇವತ್ತೇ ಮಾಡಬಹುದು.

ಕರೆಂಟಿನ ಕೆಲಸಕ್ಕೆ ಬಂದಾಗ ಇಲಿಯ ಮಾತು ಬಂತು. ಭತ್ತದ ಊರಲ್ಲಿ ಇಲಿಗೆ ಬರವಿಲ್ಲ. ಏರ್ ಕ್ಲೀನರಿನ ಡಬ್ಬಿ ತೆರೆದರೆ ಹೊಟ್ಟು, ಹತ್ತಿ, ಹರಿದ ಚಿಂದಿ ಸೇರಿಸಿ ಕಟ್ಟಿದ ಗೂಡು. ಡ್ಯಾಷ್‌ಬೋರ್ಡಿನ ಹಿಂದೆ ವೈರುಗಳ ಪ್ಲಾಸ್ಟಿಕ್ ಪೂರ್ತಿ ಕಡಿದು ತಾಮ್ರ ಬಯಲಾಗಿತ್ತು. ಹಳೆಯ ವೈರಿಗೆ ತುಂಡು ತುಂಡು ಗಂಟು ಹಾಕುವುದು ಬೆಂಕಿಗೆ ದಾರಿ. ಪೂರ್ತಿ ಹೊಸ ವೈರಿಂಗ್ ಎಳೆದೆವು, ಹಳೆಯದರಲ್ಲಿ ಇಲ್ಲದ ಕಡೆಯೂ ಫ್ಯೂಸ್ ಕೊಟ್ಟೆವು. ಹಿಂದಿನ ಲೈಟು ಒಮ್ಮೆ ಹತ್ತಿ ಒಮ್ಮೆ ಆರುತ್ತಿದ್ದಾಗ ಮೀಟರ್ ಹಿಡಿದು ಒಂದೊಂದೇ ತುದಿ ಮುಟ್ಟಿ ನೋಡಿ, ಗಾಡಿಯ ಬಾಡಿಗೆ ಅರ್ಥ್ ಕೂಡುವ ಬೋಲ್ಟಿನ ಕೆಳಗೆ ಬಣ್ಣ ಉಳಿದದ್ದನ್ನು ಕಂಡುಹಿಡಿದವರು ನಮ್ಮ ಮನೆಯವರು. ಮನೆಯ ಸ್ವಿಚ್ ಬೋರ್ಡು ಬಿಚ್ಚಿ ಕಟ್ಟುವವರು ಅವರೇ, ಕಾರಿನದು ಅವರಿಗೆ ಹೊಸದೆನಿಸಲಿಲ್ಲ.

ಕಿಡಿ ಹುಟ್ಟಿಸುವ ಭಾಗಕ್ಕೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಡೆಲ್ಕೊ ಅನ್ನುತ್ತಾರೆ. ಅದರ ಮುಚ್ಚಳ ತೆಗೆದರೆ ಒಳಗೆ ನಾಲ್ಕು ಮೂಲೆಯ ಒಂದು ಸಣ್ಣ ಕ್ಯಾಮು, ಅದಕ್ಕೆ ಒರಗಿದ ಪಾಯಿಂಟು. ಕ್ಯಾಮಿನ ಮೂಲೆ ಪಾಯಿಂಟಿನ ಹಿಮ್ಮಡಿಯನ್ನು ಪೂರ್ತಿ ಎತ್ತಿ ನಿಂತಾಗ ಎರಡು ತುದಿಗಳ ನಡುವೆ ಇರಬೇಕಾದ ಸಂದು 0.38 ಮಿಲಿಮೀಟರ್. ಫೀಲರ್ ಗೇಜಿನ ಎಲೆ ಆ ಸಂದಿನಲ್ಲಿ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಸರಿಯಬೇಕು. ಸಂದು ಕಡಿಮೆಯಾದರೆ ಪಾಯಿಂಟು ಸುಡುತ್ತದೆ. ಹೆಚ್ಚಾದರೆ ವೇಗದಲ್ಲಿ ಕಿಡಿ ಸೋಲುತ್ತದೆ. ಇದನ್ನು ನನಗೆ ಕಲಿಸಿದವರು ಹಟ್ಟಿ ಗಣಿಯಲ್ಲಿ ದುಡಿದು ನಿವೃತ್ತರಾಗಿ ಲಿಂಗಸುಗೂರಿನಲ್ಲಿ ನೆಲೆಸಿದ ಹಿರಿಯ ಫಿಟ್ಟರೊಬ್ಬರು. ಗೇಜ್ ಇಲ್ಲದೆ ಬೆರಳ ತುದಿಯ ಅಂದಾಜಿನಿಂದ ಕೂಡಿಸಿ, ಆಮೇಲೆ ಗೇಜ್ ಹಾಕಿ ತೋರಿಸಿದರು. ಎಲೆ ಸರಿಯಾಗಿ ಸರಿಯಿತು.

ಲೋಹದ ಜೊತೆ ಈ ಸೀಮೆಯ ನಂಟು ಹಳೆಯದು. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರೇ ಇರುವ ಶಾಸನವನ್ನು ಕಂಡವನು ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್. ಅವನು ಈ ಕಡೆ ಬಂದದ್ದೇ ಅದಿರು ಹುಡುಕುತ್ತ. ಹಟ್ಟಿಯಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿಯೇ ಈಗಿನ ಹಟ್ಟಿ ಚಿನ್ನದ ಗಣಿ. ನೆಲದಾಳದಿಂದ ಅದಿರು ಎತ್ತುವ ಯಂತ್ರ, ಗಾಳಿ ಒತ್ತುವ ಯಂತ್ರ, ನೀರೆತ್ತುವ ಪಂಪು ಇವನ್ನೆಲ್ಲ ಹಗಲು ರಾತ್ರಿ ನಡೆಸಿದ ಫಿಟ್ಟರುಗಳು, ವೆಲ್ಡರುಗಳು, ಟರ್ನರುಗಳು ನಮ್ಮ ನಡುವೆಯೇ ಇದ್ದಾರೆ. ನನಗೆ ಬಹಳ ಸಂಕಟವಾಗುವುದು ಇಲ್ಲಿ. ಕಾರ್ಬೊರೇಟರಿನ ಸೂಜಿ ಕೂಡಿಸುವವರು, ವಾಲ್ವಿಗೆ ಪೇಸ್ಟ್ ಹಚ್ಚಿ ಕೈಯಲ್ಲಿ ಅರೆದು ಕೂಡಿಸುವವರು, ಎಂಜಿನ್ನಿನ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲಾಗಿದೆ ಎನ್ನುವವರು ಈಗ ಅರವತ್ತು ಎಪ್ಪತ್ತರ ವಯಸ್ಸಿನವರು. ಹೊಸ ಹುಡುಗರು ಜಾಣರು, ಕಂಪ್ಯೂಟರ್ ಚುಚ್ಚಿ ದೋಷ ಓದುತ್ತಾರೆ. ಆದರೆ ಇವರ ಪಕ್ಕ ಒಂದು ಬೇಸಿಗೆ ಕೂತು ಕಲಿತವರು ಕಡಿಮೆ. ಐಟಿಐಗಳಲ್ಲಿ ಇಂಥ ಹಿರಿಯರನ್ನು ವಾರಕ್ಕೊಂದು ದಿನವಾದರೂ ಕರೆಸಿ ಹುಡುಗರ ಮುಂದೆ ಒಂದು ಹಳೆಯ ಎಂಜಿನ್ ಬಿಚ್ಚಿಸಬೇಕು. ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ.

ಪೆಟ್ರೋಲಿನಲ್ಲಿ ಎರಡು ಬದಲಾವಣೆ ಹಳೆಯ ಎಂಜಿನ್ನಿಗೆ ತಟ್ಟುತ್ತವೆ. 2000ನೇ ಇಸವಿಯ ಫೆಬ್ರವರಿಯಿಂದ ದೇಶದಾದ್ಯಂತ ಸೀಸ ಬೆರೆಸದ ಪೆಟ್ರೋಲು ಬಂತು. ಮಕ್ಕಳ ಮಿದುಳಿಗೆ ಸೀಸ ವಿಷ, ಆದ್ದರಿಂದ ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಸೀಸ ಹಳೆಯ ಬೀಡು ಕಬ್ಬಿಣದ ಹೆಡ್ಡಿನಲ್ಲಿ ವಾಲ್ವು ಕೂರುವ ಜಾಗ ಸವೆಯದಂತೆ ತಡೆಯುತ್ತಿತ್ತು. ಹೆಡ್ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ಸೀಟ್ ಉಂಗುರ ಹೊಡಿಸಿಬಿಟ್ಟರೆ ಆ ಚಿಂತೆ ಮುಗಿಯುತ್ತದೆ. ಎರಡನೆಯದು ಈಚಿನದು: ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವ ಎಳೆಯುತ್ತದೆ, ಹಳೆಯ ಬಗೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪಂಪಿನ ಡಯಾಫ್ರಮ್, ಪೆಟ್ರೋಲ್ ಹೋಸು, ಕಾರ್ಬೊರೇಟರಿನ ಪ್ಯಾಕಿಂಗು ಇವೆಲ್ಲ ಎಥನಾಲ್ ತಡೆಯುವಂಥವು ಎಂದು ಕೇಳಿಯೇ ತೆಗೆದುಕೊಳ್ಳಿ. ಗಾಡಿಯನ್ನು ತಿಂಗಳುಗಟ್ಟಲೆ ಟಾಕಿಯಲ್ಲಿ ಪೆಟ್ರೋಲ್ ಇಟ್ಟು ನಿಲ್ಲಿಸಬೇಡಿ. ತೂತು ಬಿದ್ದ ಪೆಟ್ರೋಲ್ ಟಾಕಿಯನ್ನು ಖಾಲಿ ಇದೆ ಎಂದು ನಂಬಿ ವೆಲ್ಡಿಂಗಿಗೆ ಕೊಡಬೇಡಿ. ಖಾಲಿ ಟಾಕಿಯ ಆವಿಯೇ ಸಿಡಿಯುವುದು. ಆ ಕೆಲಸ ಗೊತ್ತಿದ್ದವರು ಮೊದಲು ತೊಳೆದು, ನೀರು ತುಂಬಿಸಿ, ಆಮೇಲೆ ಬೆಸೆಯುತ್ತಾರೆ.

ಮಂಗಳೂರು, ಕಾರವಾರದ ಕಡೆಯ ಹಳೆಯ ಕಾರುಗಳನ್ನು ಉಪ್ಪುಗಾಳಿ ತಿಂದುಬಿಡುತ್ತದೆ. ನಮ್ಮ ಒಣ ಹವೆ ತಗಡಿಗೆ ಒಳ್ಳೆಯದು. ಆದರೂ ಗಾಲಿಯ ಮೇಲಿನ ಬಾಗಿನಲ್ಲಿ, ಬಾಗಿಲ ಹೊಸ್ತಿಲ ಕೆಳಗೆ ಎರೆ ಮಣ್ಣು ಮೆತ್ತಿ ಕೂತಲ್ಲಿ ತುಕ್ಕು ಹಿಡಿದೇ ಇರುತ್ತದೆ. ಮಣ್ಣು ತೇವ ಹಿಡಿದಿಡುತ್ತದಲ್ಲ. ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆಯುವುದು ಎರಡು ಮಳೆಗಾಲದ ಕೆಲಸ. ತುಕ್ಕು ತಿಂದಷ್ಟನ್ನೂ ಕತ್ತರಿಸಿ, ಅದೇ ದಪ್ಪದ ತಗಡು ಬಾಗಿಸಿ ಬೆಸೆದು, ಒಳಮೈಗೂ ಪ್ರೈಮರ್ ಹೊಡೆದರೆ ಮಾತ್ರ ನಿಲ್ಲುತ್ತದೆ. ಗಿರಣಿಗೆ ಎಲಿವೇಟರ್ ಡಬ್ಬಿ ಮಾಡುವ ತಗಡಿನ ಕೆಲಸಗಾರರೇ ನಮಗೆ ಇದನ್ನು ಮಾಡಿಕೊಟ್ಟರು. ಸೀಟಿನ ರೆಕ್ಸಿನ್ನನ್ನು ಅವ್ವ ಹೊಲಿದಳು. ಕೌದಿ ಹೊಲಿದ ಕೈ. ಗೋಣಿಚೀಲದ ಬಾಯಿ ಹೊಲಿಯುವ ದಬ್ಬಣ ತಗೊಂಡು, ಹಳೆಯ ಹೊದಿಕೆಯನ್ನೇ ಬಿಚ್ಚಿ ಅಳತೆಗಿಟ್ಟುಕೊಂಡು ಮೂಲೆಮೂಲೆ ಕೂಡಿಸಿದಳು.

ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಅರ್ಧ ಇಲ್ಲೇ ಸಿಗುತ್ತದೆ. ಬೇರಿಂಗು, ಆಯಿಲ್ ಸೀಲು ಅಳತೆಯ ಮೇಲೆ ಹೋಗುತ್ತವೆ. ಟ್ರ್ಯಾಕ್ಟರ್ ಅಂಗಡಿಯಲ್ಲೇ ಹೊಂದುವುದು ದೊರೆತೀತು. ಉಳಿದದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯ ಸಾಮಾನಿಗೆ ಶಿವಾಜಿನಗರದ ಗುಜರಿ. ಬಸ್ಸಿನ ಪಾರ್ಸಲ್ಲಿಗೆ ಹಾಕಿದರೆ ಮರುದಿನ ಬೆಳಿಗ್ಗೆ ಸಿಂಧನೂರಿನ ನಿಲ್ದಾಣದಲ್ಲಿರುತ್ತದೆ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದು ಹೋಗುವುದು ಅಥವಾ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ಕಳಿಸುವುದು ಒಳ್ಳೆಯದು, ಬರೀ ಹೆಸರು ಹೇಳಿದರೆ ಬೇರೆಯದು ಬರುತ್ತದೆ.

ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವಂಥ ಜಾಗ. ಹಾಗೆ ಹೊಳೆಯುವಂತೆ ಕಾಪಾಡುವುದೂ ಒಂದು ಸೇವೆ. ನಮ್ಮಂಥ ಮನೆಗಳಲ್ಲಿ ಮಾತ್ರ ಗಾಡಿ ಸಂತೆಗೆ ಹೋಗಬೇಕು, ಊರ ಜಾತ್ರೆಗೆ ಹೋಗಬೇಕು. ನಿಂತರೆ ಅದರ ರಬ್ಬರು, ಸೀಲು, ಬ್ಯಾಟರಿ ಮತ್ತೆ ಕೆಡುತ್ತವೆ. ಮಾರಿದರೆ ಲಾಭ ಬರುತ್ತದೆಂಬ ಲೆಕ್ಕದಲ್ಲಿ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು. ಹಾಕಿದ ದುಡ್ಡು ಸಾಮಾನ್ಯವಾಗಿ ಮರಳುವುದಿಲ್ಲ.

ಕಾಗದದ ಮಾತು ಹೇಳಿ ಮುಗಿಸುತ್ತೇನೆ, ಏಕೆಂದರೆ ಬಹಳ ಮಂದಿ ಇಲ್ಲಿಯೇ ಹೆದರಿ ಗುಜರಿಗೆ ಕೊಡುತ್ತಾರೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಎಂಬ ನಿರ್ಬಂಧದ ಸುದ್ದಿ ನೀವು ಕೇಳಿದ್ದು ದೆಹಲಿ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಎಂಬ ಬೇರೆ ವ್ಯವಸ್ಥೆ ಬಂದಿದೆ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆ ಗಾಡಿಯನ್ನು ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ನಮ್ಮ ಮಾರ್ಕ್ 4ಕ್ಕೆ ಇನ್ನೂ ಐವತ್ತಾಗಿಲ್ಲ, ಹಾಗಾಗಿ ನಮ್ಮದು ಮಾಮೂಲು ನವೀಕರಣ. ಗಾಡಿಗೆ ಕೈ ಹಾಕುವ ಮುಂಚೆಯೇ ಆರ್‌ಸಿ ಪುಸ್ತಕ ಹುಡುಕಿ, ಎಂಜಿನ್ ನಂಬರು, ಚಾಸಿ ನಂಬರು ಪುಸ್ತಕಕ್ಕೆ ಹೊಂದುತ್ತವೆಯೇ ನೋಡಿ. ಮಾಲೀಕರು ತೀರಿಕೊಂಡಿದ್ದರೆ ವಾರಸಾ ಕಾಗದಗಳನ್ನು ಮೊದಲು ಮಾಡಿಸಿ, ಹೆಸರು ವರ್ಗಾಯಿಸಿಕೊಳ್ಳಿ. ಚಾಸಿ ನಂಬರಿನ ತಗಡಿನ ಮೇಲೆ ಬಣ್ಣ ಹೊಡೆಯುವ ಹುಡುಗನಿಗೆ ಟೇಪ್ ಅಂಟಿಸಲು ಹೇಳುವುದನ್ನು ಮರೆಯಬೇಡಿ. ಅಂಕಿ ಬಣ್ಣದಲ್ಲಿ ಮುಚ್ಚಿದರೆ ತಪಾಸಣೆಯವರು ವಾಪಸು ಕಳಿಸುತ್ತಾರೆ.

ಮಸ್ಕಿ, ಲಿಂಗಸುಗೂರಿನ ಕಡೆ ಹೀಗೆ ಗಾಡಿ ನಿಲ್ಲಿಸಿಕೊಂಡವರು ಇದ್ದರೆ ಈ ಬೇಸಿಗೆ ಮುಗಿಯುವುದರೊಳಗೆ ಅದನ್ನು ಮರದ ಕೆಳಗಿನಿಂದ ಸರಿಸಿ ಮಾಡಿನ ಕೆಳಗೆ ತನ್ನಿ, ದಿಮ್ಮಿಯ ಮೇಲೆ ಕೂರಿಸಿ, ಪ್ಲಗ್ಗಿನ ತೂತಿನಿಂದ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಡಿ. ಉಳಿದ ಕೆಲಸ ಮಳೆಗಾಲದಲ್ಲಿ ನೋಡಿಕೊಳ್ಳಬಹುದು.